ಬ್ರೇಕ್ ಟೈಟ್ ಮಾಡ್ಸಿದ್ರ ಆತೇನು?

ಶ್ರಾವಣ ಶುಕ್ರವಾರ ಅರಿಶಿಣ-ಕುಂಕುಮಕ್ಕ ಹೊಂಟಿದ್ದೆ. ಸ್ಕೂಟಿ ಹಿಂದ ತಂಗಿ ಮಗಳು ಕೂತಿದ್ಲು. ನಮ್ಮ ಧಾರವಾಡದಾಗ ಏರು-ಇಳಕಲು ಯಾರಿಗೆ ತಪ್ಪ್ಯಾವ ಹೇಳ್ರಿ. ಇಳಕಲಿನ್ಯಾಗ ಎಮ್ಮಿ ಅಡ್ಡ ಬಂತು. ಬ್ರೇಕ್ ಹಿಡದೆ, ಹಿಡಿಕಿ ಹ್ಯಾಂಡಲ್ಲಿಗೇ ಬಂದು ಹತ್ತಿತು, ಗಾಡಿ ಮಾತ್ರ ನಿಲ್ಲವಲ್ದು. ಎಮ್ಮಿ ತಾನ ಸರೀತು, ನಾವು ಉಳದ್ವಿ. (ಬಲಗೈ ಬ್ರೇಕ್ ಇತ್ತಲ್ಲಾ ಅಂತೀರಿ. ಅದನ್ನ ಹಿಡದ್ರ ಬೀಳ್ತೀವಿ ಅಂತ ಯಾರೋ ಹೇಳಿದ್ದು ತಲ್ಯಾಗ ಕೂತು ಎಷ್ಟು ವರ್ಷ ಮುಟ್ಟೇ ಇರಲಿಲ್ಲ. ಎರಡೂ ಕೂಡಿಸಿ ಹಿಡಿಯೂದ ಖರೇ ಪದ್ಧತಿ.)

ಹದಿನೈದು ದಿನದ ಹಿಂದಷ್ಟ ನಮ್ಮನಿಯವರು ಬ್ರೇಕ್ ಟೈಟ್ ಮಾಡಿಸ್ಕೊಂಡು ಬಂದಿದ್ರು. ನನ್ನ ತಕರಾರು ಇರೂದು ಇಲ್ಲೇ. ಟೈಟ್ ಮಾಡ್ಸೂದಕ್ಕ ನಾವು ತಪಾಸಣಿ ಅಂತ ತಿಳ್ಕೊಂಡೀವಿ. ಡ್ರಮ್ ಬ್ರೇಕಿನ್ಯಾಗ ಎರಡು ಶೂ ಅಗಲಾಗಿ ಡ್ರಮ್ಮಿಗೆ ಒತ್ತತಾವ, ಒತ್ತಿ ಒತ್ತಿ ಸವೀತಾವ. ನಟ್ ತಿರುವಿದ್ರ ಕೇಬಲ್ ಬಿಗಿ ಆದೀತು, ಸವದ ಶೂ ದಪ್ಪ ಆಗ್ತದೇನು?

ಸರಕಾರದವರು ನೋಡ್ತಾರಲ್ಲಾ ಅಂತ ಓಣಿಯೊಳಗ ಒಬ್ಬಾಕಿ ಅಂದ್ಲು. ವರ್ಷಾ ವರ್ಷಾ ಮಾಡ್ಸೂ ಪಿಯುಸಿ ಹೊಗಿ ನೋಡ್ತದವಾ, ಬ್ರೇಕ್ ನೋಡೂದಿಲ್ಲ. ಸ್ವಂತ ಗಾಡಿಗೆ ಆರ್‌ಟಿಓ ತಪಾಸಣಿ ಬರೂದು ನೋಂದಣಿ ಆಗಿ 15 ವರ್ಷಕ್ಕ. ಅಲ್ಲೀತನಾ ನೋಡೂ ಕಣ್ಣು ನಮ್ಮವ.

ಕುಕ್ಕರಿನ ಗ್ಯಾಸ್ಕೆಟ್ ಸಡಲಾದ್ರ ಸೀಟಿ ಕೇಳೇ ಹೇಳ್ತೀವಿ, ಇದೇನ್ ಭಾಳ ಬ್ಯಾರೆ ಅಲ್ಲ. ಹಿಂದಿನ ಚಕ್ರದಾಗ ಕೇಬಲ್ ಬಂದು ಸೇರೂ ಕಡೆ ಭಾಳಷ್ಟು ಗಾಡಿಗೆ ಸಣ್ಣ ಬಾಣದ ಗುರುತು ಇರ್ತದ. ಒಬ್ಬರು ಬ್ರೇಕ್ ಗಟ್ಟಿ ಹಿಡೀರಿ, ಇನ್ನೊಬ್ಬರು ಬಗ್ಗಿ ನೋಡ್ರಿ. ಬಾಣ ಬಾಜೂ ಗುರುತಿಗೆ ಬಂದು ಕೂಡ್ತಂದ್ರ ಶೂ ಮುಗದಂಗ, ಟೈಟ್ ಮಾಡಿ ಉಪಯೋಗಿಲ್ಲ. ಹಿಡಿಕಿ ಒಂದೆರಡು ಸೆಂಟಿಮೀಟರ್ ಸಡಲ ಇದ್ರ ಸರಿ, ಹೆಚ್ಚಾದ್ರ ತೋರ್ಸ್ರಿ. ಕಿರ್ರ್ ಅಂತ ಲೋಹ ತಿಕ್ಕಿದ ಸಪ್ಪಳ ಬಂದ್ರಂತೂ ಅವತ್ತ ಹೋಗ್ರಿ. ಮಳ್ಯಾಗ ತೊಯ್ದ ಮ್ಯಾಲೆ ಬ್ರೇಕ್ ಸ್ವಲ್ಪ ಜಾರ್ತದ, ಮೆಲ್ಲಕ ಹೋಗ್ತಾ ಎರಡ್ ಮೂರು ಸಲ ಹಗುರಕ ಹಿಡದ್ರ ಒಣಗ್ತದ. ಒಣಗಿದ ಮ್ಯಾಲೂ ಹಂಗ ಇದ್ರ ಮಳಿ ಮ್ಯಾಲೆ ಹಾಕಬ್ಯಾಡ್ರಿ. ಮುಂದ ಡಿಸ್ಕ್ ಇದ್ದವರು ಪ್ಯಾಡಿನ ಗೀರು ಉಳದದೇನು, ಬ್ರೇಕ್ ಎಣ್ಣಿ ಕೆಳಗಿನ ಗೆರಿಗೆ ಇಳದದೇನು ಅಂತ ಕೇಳ್ರಿ.

ಈ ಸಲ ಗ್ಯಾರೇಜಿಗೆ ನಾನ ಹೋಗಿ ನಿಂತೆ. "ಅಕ್ಕಾರ, ಸಾಹೇಬ್ರನ್ನ ಕಳಸ್ರಿ" ಅಂದಾ. "ಗಾಡಿ ಹೊಡಿಯಾಕಿ ನಾನಪಾ, ನನಗ ತೋರ್ಸು" ಅಂದೆ. ಬಿಚ್ಚಿ ತೋರ್ಸಿದಾ. ಒಂದು ಶೂ ಒಂದು ಕಡೆ ಬರೇ ಲೋಹ. ಆ ಹಳೇ ಶೂ ಎರಡೂ ಕಾಗದದಾಗ ಸುತ್ತಿ ತಂದು ನಮ್ಮನಿಯವರ ಚಹಾದ ಕಪ್ಪಿನ ಬಾಜೂಕ ಇಟ್ಟೆ.