ಹುಡುಕಿದರೆ ಸಿಗದ ಕನ್ನಡ

ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ವರ್ಡ್ ತಂತ್ರಾಂಶ ಒದಗಿಸಿದರೆ ಹೊಣೆ ಮುಗಿಯಿತೆಂದು ನಮ್ಮ ವಿಶ್ವವಿದ್ಯಾಲಯಗಳು ಭಾವಿಸಿದಂತಿದೆ. ಅದರೊಳಗಿನ ಕನ್ನಡವನ್ನು ಡಿಟಿಪಿ ಅಂಗಡಿಗಳಿಗೆ ಬಿಟ್ಟಿವೆ. ಹುಲಿಯೂರುದುರ್ಗದ ನನ್ನ ಬಂಧುವೊಬ್ಬಳ ಸಂಶೋಧನಾ ಪ್ರಬಂಧ ಹೀಗೆಯೇ ಹಳೆಯ ಆಸ್ಕಿ ಫಾಂಟ್‌ನಲ್ಲಿ ಸಿದ್ಧವಾಯಿತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಬರೀ ಲ್ಯಾಟಿನ್ ಚಿಹ್ನೆಗಳ ಸಂತೆ. 'ಕುಣಿಗಲ್' ಎಂದು ಹುಡುಕಿದರೆ ಒಂದೂ ಸಿಗದು.

ಗಣಕಕ್ಕೆ ಕನ್ನಡವನ್ನು ಒಗ್ಗಿಸಿದ ನುಡಿ, ಬರಹಗಳ ಉಪಕಾರ ದೊಡ್ಡದು, ನಿಜ. ಆದರೆ ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರಗಳೊಡನೆ ಬಂದದ್ದು 2001ರಲ್ಲಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯೂನಿಕೋಡ್‌ಗೂ ಒದಗುವುದರಿಂದ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ಕಾಸಿಲ್ಲದೆ ದೊರೆಯುವ ಲಿಬ್ರೆ ಆಫೀಸ್‌ನಲ್ಲೂ ಕೆಲಸ ಸಾಗುತ್ತದೆ.

ಯೂನಿಕೋಡ್ ಕಡತವಿಲ್ಲದ ಪ್ರಬಂಧವನ್ನು ವಿಶ್ವವಿದ್ಯಾಲಯಗಳು ಸ್ವೀಕರಿಸಬಾರದು. ಹಳೆಯವುಗಳನ್ನು ಪರಿವರ್ತಿಸುವ ಖರ್ಚನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟದೆ ಅವೇ ಹೊರಲಿ.