ನೋಡೋಣ, ತಿಳಿಸ್ತೀವಿ, ನಿಂತೋಯ್ತು

ಕನ್ನಡದಲ್ಲಿ ಅತಿ ಹೆಚ್ಚು ದುಡಿಯೋ ಪದ ಯಾವುದು ಅಂತ ಕೇಳಿದ್ರೆ ನನ್ನ ಓಟು ‘ನೋಡೋಣ’ಕ್ಕೆ. ವೀಕೆಂಡ್‌ಗೆ ಚಿಕ್ಕಮಗಳೂರಿಗೆ ಹೋಗೋಣ್ವಾ ಅಂತ ಗ್ರೂಪಿನಲ್ಲಿ ಒಬ್ಬರು ಹಾಕ್ತಾರೆ. ಆರು ಜನ ‘ನೋಡೋಣ’ ಅಂತಾರೆ. ಅಲ್ಲಿಗೆ ಆ ಟ್ರಿಪ್ ಮುಗೀತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೊರಡಲೂ ಇಲ್ಲ. ಮ್ಯಾನೇಜರ್ ಹತ್ರ ಸಂಬಳದ ಮಾತೆತ್ತಿದ್ರೂ ಅದೇ ಉತ್ತರ, ಮನೆ ಓನರ್ ಹತ್ರ ಸೋರುವ ನಲ್ಲಿ ಬಗ್ಗೆ ಹೇಳಿದ್ರೂ ಅದೇ.

ಈ ಪದದ ಜಾಣತನ ಇರೋದು ಅದರ ಬಾಲದಲ್ಲಿ. ‘ನೋಡ್ತೀನಿ’ ಅಂದ್ರೆ ನೋಡೋ ಜವಾಬ್ದಾರಿ ಅವರದ್ದು. ನಾಳೆ ಹೋಗಿ ‘ನೋಡಿದ್ರಾ ಸಾರ್?’ ಅಂತ ಕೇಳಬಹುದು. ‘ನೋಡೋಣ’ ಅಂದಕೂಡಲೇ ಅದರಲ್ಲಿ ನಿಮಗೂ ಪಾಲು ಬಂತು. ಇಬ್ಬರೂ ಸೇರಿ ನೋಡಬೇಕಾದದ್ದನ್ನ ಇಬ್ಬರೂ ನೋಡದೇ ಇದ್ರೆ ಯಾರನ್ನ ಕೇಳ್ತೀರಿ?

ನಮ್ಮ ಹಿರಿಯರು ಈ ಕಲೆಯನ್ನ ಚೆನ್ನಾಗಿ ಗಮನಿಸಿದ್ರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು ಅಂತಾರಲ್ಲ, ಹಳೇ ಮನೆಗಳ ಮೋಟುಗೋಡೆ ನೋಡಿದವರಿಗೆ ಅದು ತಕ್ಷಣ ಅರ್ಥವಾಗುತ್ತೆ. ದೀಪ ಎರಡೂ ಕಡೆಗಿದೆ, ಯಾವ ಕಡೆಗೂ ಸರಿಯಾಗಿ ಬೆಳಕಿಲ್ಲ. ಮೀನಮೇಷ ಎಣಿಸೋದೂ ಅಷ್ಟೇ. 12 ರಾಶಿಗಳಲ್ಲಿ ಮೇಷ ಮೊದಲನೆಯದು, ಮೀನ ಕೊನೆಯದು. ಮೀನಕ್ಕೆ ಬಂದು ಮುಟ್ಟಿದ್ರೆ ಮತ್ತೆ ಮೇಷದಿಂದ ಶುರು, ಎಣಿಕೆ ಮುಗಿಯೋದೇ ಇಲ್ಲ. ಇನ್ನು ‘ತಟಸ್ಥ’. ತಟ ಅಂದ್ರೆ ದಡ. ತಟಸ್ಥ ಅಂದ್ರೆ ದಡದಲ್ಲಿ ನಿಂತವನು. ದೇಶದೇಶಗಳ ನಡುವಿನ ವಿಷಯಕ್ಕೆಲ್ಲ ಬಳಸೋ ಗಂಭೀರ ಪದ. ನೀರಿಗೆ ಬಿದ್ದವರ ಕಡೆಯಿಂದ ನೋಡಿದ್ರೆ ಮಾತ್ರ ಬೇರೆ ಥರ ಕಾಣುತ್ತೆ.

ಇವೆಲ್ಲ ನಿಲುವು ತಗೊಳ್ಳದವರ ಬಗ್ಗೆ ಆಯ್ತು. ನಿಲುವು ಬದಲಿಸಿದವರಿಗೆ ಇಟ್ಟಿರೋ ಪದಗಳಲ್ಲಿ ಖಾರ ಜಾಸ್ತಿ. ಗೋಸುಂಬೆ, ಊಸರವಳ್ಳಿ, ಉಲ್ಟಾ ಹೊಡೆದ, ಪ್ಲೇಟು ಬದಲಿಸಿದ, ಮಾತಿಗೆ ತಪ್ಪಿದ. ‘ಗಾಳಿ ಬಂದಾಗ ತೂರಿಕೋ’ ಅನ್ನೋದು ಕಣದಲ್ಲಿ ಕಾಳು ತೂರೋ ರೈತನಿಗೆ ಹೇಳೋ ಬುದ್ಧಿಮಾತು, ಗಾಳಿ ಇಲ್ಲದೆ ಹೊಟ್ಟು ಹಾರಲ್ಲ. ಅದನ್ನೂ ಅವಕಾಶವಾದಿಗಳ ಲೆಕ್ಕಕ್ಕೆ ಸೇರಿಸಿದ್ದೀವಿ. ಕಾರಣ ಇಲ್ಲ ಅಂತಲ್ಲ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ 15 ದಿನಗಳಲ್ಲಿ 3 ಸಲ ಪಕ್ಷ ಬದಲಿಸಿದ್ರು, ‘ಆಯಾ ರಾಮ್ ಗಯಾ ರಾಮ್’ ಅನ್ನೋ ಮಾತು ಹುಟ್ಟಿದ್ದು ಹಾಗೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಅದಾದ ಮೇಲೂ, 2019ರಲ್ಲಿ ನಮ್ಮ ರಾಜ್ಯದಲ್ಲೇ 17 ಶಾಸಕರು ಅನರ್ಹರಾದ್ರು.

ನನ್ನ ತಕರಾರು ಬೇರೆ. ಕುರ್ಚಿಗೋಸ್ಕರ ಬದಲಾದವರಿಗೂ ಯೋಚನೆ ಮಾಡಿ ಬದಲಾದವರಿಗೂ ನಮ್ಮ ಹತ್ರ ಇರೋದು ಒಂದೇ ಬೈಗುಳದ ಪಟ್ಟಿ. ಮರ್ಯಾದೆಯ ಪದ ಅಂತ ‘ಮನಃಪರಿವರ್ತನೆ’ ಇದೆ. ಅದನ್ನ ಶರಣಾದ ಡಕಾಯಿತರಿಗೆ ಮತ್ತು ಸಿನಿಮಾದ ಕೊನೇ ಹತ್ತು ನಿಮಿಷದ ವಿಲನ್‌ಗಳಿಗೆ ಮೀಸಲಿಟ್ಟಿದ್ದೀವಿ. ಎಂಎಸ್‌ಗೆ ಸೀಟು ಸಿಕ್ಕಿದ ಮೇಲೆ ‘ಹೋಗಲ್ಲ’ ಅಂದ ಹುಡುಗನಿಗೆ ಮನಃಪರಿವರ್ತನೆ ಆಯ್ತು ಅಂದ್ರೆ ಮನೆಮಂದಿಯೆಲ್ಲ ನಗ್ತಾರೆ.

ಸರಿಯಾದ ಪದ ಇಲ್ಲದಿದ್ರೆ ಎಷ್ಟು ಕಷ್ಟ ಅನ್ನೋದು ಹೋದ ವರ್ಷ ನಮ್ಮ ಮನೇಲೇ ಗೊತ್ತಾಯ್ತು. ಅಕ್ಕನ ಮಗಳು ನಿಶ್ಚಿತಾರ್ಥ ಆಗಿ ಎರಡು ತಿಂಗಳಿಗೆ ಈ ಮದುವೆ ಬೇಡ ಅಂದ್ಲು. ಹುಡುಗ ಕೆಟ್ಟವನಲ್ಲ. ವರದಕ್ಷಿಣೆ ಕೇಳಿರಲಿಲ್ಲ. ದಿನಾ ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ ಇವರ ಜೊತೆ ಬಾಳೋಕೆ ಆಗಲ್ಲ ಅಂತ ಅವಳಿಗೆ ಖಾತ್ರಿಯಾಗಿತ್ತು. ಅಷ್ಟೊತ್ತಿಗೆ ಛತ್ರಕ್ಕೆ ಅಡ್ವಾನ್ಸ್ ಹೋಗಿತ್ತು. ಅಲ್ಲದೆ ನಿಶ್ಚಿತಾರ್ಥ ಅನ್ನೋ ಪದದ ಒಳಗೇ ‘ನಿಶ್ಚಿತ’ ಕೂತಿದೆಯಲ್ಲ!

ಮೂರು ದಿನ ಮನೇಲಿ ಚರ್ಚೆ. ಭಾವ ಎರಡನೇ ದಿನಕ್ಕೇ ಒಪ್ಪಿದ್ರು. ಉಳಿದ ಹೊತ್ತೆಲ್ಲ ಹೋಗಿದ್ದು, ಅವರಿಗೆ ಏನಂತ ಹೇಳೋದು ಅನ್ನೋದಕ್ಕೆ. ‘ಸ್ವಲ್ಪ ಟೈಮ್ ಬೇಕು, ತಿಳಿಸ್ತೀವಿ ಅಂತ ಎಳೀರಿ, ಅವರಿಗೇ ಅರ್ಥವಾಗುತ್ತೆ’ ಅಂತ ಒಬ್ಬರು. ‘ಜಾತಕದಲ್ಲಿ ಏನೋ ದೋಷ ಕಾಣಿಸ್ತು ಅನ್ನಿ’ ಅಂತ ಅವಳ ದೊಡ್ಡಪ್ಪ. ಅಕ್ಕನ ಪ್ರಕಾರ ನೆಂಟರಿಗೆಲ್ಲ ‘ಯಾಕೋ ನಿಂತೋಯ್ತು’ ಅಂದ್ರೆ ಸಾಕು.

ನಿಂತೋಯ್ತು! ‘ನೋಡೋಣ’ದ ಅಜ್ಜಿ ಇದು. ಕೈಜಾರಿ ಲೋಟ ಬಿದ್ರೆ ನಾವು ‘ಒಡೆದೆ’ ಅನ್ನಲ್ಲ, ‘ಒಡೆದೋಯ್ತು’ ಅಂತೀವಿ. ಮಾಡಿದವರು ವಾಕ್ಯದಿಂದ ಮೆಲ್ಲಗೆ ಎದ್ದು ಹೋಗಿರ್ತಾರೆ. ಇದರಲ್ಲಿ ಕರುಣೆಯೂ ಇದೆ, ಅತ್ತೆಯ ಇಷ್ಟದ ಪಿಂಗಾಣಿ ಬಟ್ಟಲು ಸೊಸೆ ಕೈಯಲ್ಲಿ ಹೋದಾಗ ಈ ಪದ ಎಷ್ಟು ಜಗಳ ತಪ್ಪಿಸಿಲ್ಲ! ಹಾರಿಕೆ ಮಾತೆಲ್ಲ ಹೇಡಿತನ ಅಂತ ನಾನು ಹೇಳಲಾರೆ. ‘ಇಲ್ಲ’ ಅಂದ್ರೆ ಕೆಲಸಕ್ಕೇ ಕುತ್ತು ಬರೋ ಕಡೆ ಇರೋ ಹುಡುಗಿಗೆ ‘ನೋಡೋಣ ಸಾರ್’ ಬಿಟ್ರೆ ಬೇರೆ ಗುರಾಣಿ ಇಲ್ಲ. ಅವಳು ಆ ಪದ ಹೇಳಿ ಪಾರಾಗ್ತಾಳೆ, ಮ್ಯಾನೇಜರ್ ಅದೇ ಪದ ಹೇಳಿ ಇನ್ನೊಬ್ಬರನ್ನ ಕಾಯಿಸ್ತಾನೆ. ‘ತಿಳಿಸ್ತೀವಿ’ ಅಂತ ಎಳೆದಿದ್ರೆ ನಾವೂ ಅದನ್ನೇ ಮಾಡ್ತಿದ್ವಿ. ಆ ಕಡೆ ಒಬ್ಬ ಹುಡುಗ ರಜಕ್ಕೆ ಅರ್ಜಿ ಹಾಕ್ಕೊಂಡು ಕೂತಿದ್ದ.

ಅವಳು ಯಾವುದಕ್ಕೂ ಒಪ್ಪಲಿಲ್ಲ. ‘ಜಾತಕ ಅಂದ್ರೆ ಶಾಂತಿ ಮಾಡಿಸೋಣ ಅಂತ ಬರ್ತಾರೆ. ಸುಮ್ನೆ ನಿಂತೋಯ್ತು ಅಂದ್ರೆ ಹುಡುಗನಲ್ಲೇ ಏನೋ ಐಬು ಅಂತ ಜನ ಆಡ್ಕೊಳ್ತಾರೆ. ಪಾಪ, ಅವರೇನು ಮಾಡಿದ್ದಾರೆ?’

‘ಸರಿ ಕಣಮ್ಮ, ಅವಳ ಮನಸ್ಸು ಬದಲಾಯ್ತು ಅಂತೀನಿ,’ ಅಂದ್ರು ಭಾವ.

‘ತಾನಾಗಿ ಆಗಿಲ್ಲ ಅಪ್ಪ, ನಾನೇ ಬದಲಾಯಿಸಿದ್ದು. ಹಾಗೇ ಹೇಳಿ.’

ಭಾವ ಫೋನ್ ಮಾಡಿ ಹಾಗೇ ಹೇಳಿದ್ರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೋಪ ಬಂತು, ಛತ್ರದ ದುಡ್ಡಿನ ಲೆಕ್ಕ ಬಂತು, ‘ಮಾತಿಗೆ ತಪ್ಪಿದ್ರಿ’ಯೂ ಬಂತು. ಬರಬೇಕಾದ್ದೇ. ಭಾವ ಎಲ್ಲಾ ಕೇಳಿಸ್ಕೊಂಡು ಛತ್ರದ ಪೂರ್ತಿ ದುಡ್ಡು ನಮ್ಮದೇ ಅಂದ್ರು. ಒಂದೇ ಫೋನಿನಲ್ಲಿ ಮುಗೀತು.

ಊರಲ್ಲಿ ಅಜ್ಜಿ ಮಾತ್ರ ಯಾರಾದ್ರೂ ಕೇಳಿದ್ರೆ ಇವತ್ತಿಗೂ ‘ಯಾಕೋ ನಿಂತೋಯ್ತು ಕಣ್ರೀ’ ಅಂತಾರೆ. ಅವರನ್ನ ಅವಳು ತಿದ್ದೋಕೆ ಹೋಗಿಲ್ಲ.