ಆಗಸದ ಪ್ರದರ್ಶನ: ನೆಲದ ಮೇಲಿನ ಹೊಣೆ ಯಾರದು?

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 2025ರ ಫೆಬ್ರುವರಿ 10ರಿಂದ 14ರವರೆಗೆ ಹದಿನೈದನೆಯ ಏರೋ ಇಂಡಿಯಾ ಪ್ರದರ್ಶನ ನಡೆಯಿತು. ಪ್ರದರ್ಶನದ ಅವಧಿ ಐದು ದಿನ. ಅದರ ನಿಮಿತ್ತ ವಾಯುನೆಲೆಯ ಸುತ್ತಲಿನ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೂ ಹೋಟೆಲುಗಳಲ್ಲಿ ಮಾಂಸಾಹಾರ ಬಡಿಸುವುದನ್ನೂ ನಿಷೇಧಿಸಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೊರಡಿಸಿದ ಆದೇಶವು ಜನವರಿ 23ರಿಂದ ಫೆಬ್ರುವರಿ 17ರವರೆಗೆ, ಎಂದರೆ 26 ದಿನಗಳ ಕಾಲ, ಜಾರಿಯಲ್ಲಿತ್ತು. 2023ರಲ್ಲಿ ಇಂಥದೇ ಆದೇಶದ ವ್ಯಾಪ್ತಿ 10 ಕಿಲೋಮೀಟರ್, ಅವಧಿ 22 ದಿನ. ಮೂರು ಕಿಲೋಮೀಟರ್ ಹೆಚ್ಚಳವೆಂಬುದು ಕೇಳಲು ಅಲ್ಪವೆನಿಸಬಹುದು. ಆದರೆ ತ್ರಿಜ್ಯವು 10ರಿಂದ 13ಕ್ಕೆ ಏರಿದಾಗ ವೃತ್ತದ ವಿಸ್ತೀರ್ಣವು 314 ಚದರ ಕಿಲೋಮೀಟರಿನಿಂದ 531ಕ್ಕೆ ಏರುತ್ತದೆ. ಬಾಗಿಲು ಮುಚ್ಚಬೇಕಾದ ಅಂಗಡಿಗಳ ಪ್ರದೇಶ ಒಂದೇ ಏಟಿಗೆ ಶೇಕಡಾ 69ರಷ್ಟು ಹಿಗ್ಗಿತು.

ನಿಷೇಧದ ಹಿಂದಿನ ಕಾರಣವನ್ನು ಯಾರೂ ಅಲ್ಲಗಳೆಯಲಾರರು. ಮಾಂಸದ ತ್ಯಾಜ್ಯವನ್ನರಸಿ ಹದ್ದು, ಕಾಗೆಗಳು ಸುತ್ತುವ ಎತ್ತರದಲ್ಲಿಯೇ ಪ್ರದರ್ಶನದ ವಿಮಾನಗಳೂ ಹಾರುತ್ತವೆ. ಡಿಕ್ಕಿಯ ಆಘಾತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಇಮ್ಮಡಿಯಾದರೆ ಆಘಾತ ನಾಲ್ಮಡಿಯಾಗುತ್ತದೆ. ನೆಲಕ್ಕೆ ಸಮೀಪದಲ್ಲಿ ಒಂಟಿ ಎಂಜಿನ್ನಿನ ವಿಮಾನವೊಂದು ಹದ್ದನ್ನು ಒಳಗೆಳೆದುಕೊಂಡರೆ ಪೈಲಟ್‌ಗೆ ಉಳಿಯುವುದು ಕೆಲವೇ ಕ್ಷಣಗಳು. ಪ್ರಶ್ನೆ ಇರುವುದು ಕಾರಣದ ಬಗ್ಗೆ ಅಲ್ಲ. ಈ ಸುರಕ್ಷತೆಯ ಬೆಲೆಯನ್ನು ತೆರುವವರು ಯಾರು, ಅದು ಯಾವ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತದೆ ಎಂಬುದರ ಬಗ್ಗೆ.

ಆದೇಶದಲ್ಲಿ 1937ರ ವಿಮಾನ ನಿಯಮಗಳ 91ನೆಯ ನಿಯಮವನ್ನು ಉಲ್ಲೇಖಿಸಲಾಗಿತ್ತು. ಆ ನಿಯಮವನ್ನು ಮೂಲದಲ್ಲಿ ಓದಿದ ವರ್ತಕರು ವಿರಳ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರಾಣಿವಧೆ ಮಾಡಬಾರದು, ಹಕ್ಕಿಗಳನ್ನು ಆಕರ್ಷಿಸುವ ಕಸ, ಹೊಲಸು, ತ್ಯಾಜ್ಯಗಳನ್ನು ಎಸೆಯಬಾರದು ಎಂಬುದು ಅದರ ತಿರುಳು. ಹೋಟೆಲು, ಮಾಂಸದಂಗಡಿ, ಮೀನಿನಂಗಡಿಗಳ ತ್ಯಾಜ್ಯವೂ ಅದರಲ್ಲಿ ಸೇರಿದೆ. ಹಕ್ಕಿಗಳು ಬಾರದಂತೆ ಅಂಗಡಿಯವರು ತಕ್ಕ ಏರ್ಪಾಡು ಮಾಡಿಕೊಂಡಿದ್ದಲ್ಲಿ ಲಿಖಿತ ಅನುಮತಿ ನೀಡಲು ಅದೇ ನಿಯಮದಲ್ಲಿ ಅವಕಾಶವನ್ನೂ ಕಲ್ಪಿಸಲಾಗಿದೆ. ನಿಯಮದ ದೃಷ್ಟಿ ಇರುವುದು ತ್ಯಾಜ್ಯದ ಮೇಲೆ. ಬೇಯಿಸಿ ತಟ್ಟೆಯಲ್ಲಿ ಬಡಿಸಿದ ಬಿರಿಯಾನಿಯನ್ನು ಯಾವ ಹದ್ದೂ ಅರಸಿ ಬರುವುದಿಲ್ಲ. ಮುಚ್ಚಿದ ವಾಹನಗಳಲ್ಲಿ ದಿನಕ್ಕೆರಡು ಬಾರಿ ತ್ಯಾಜ್ಯ ಸಾಗಿಸುವ ವ್ಯವಸ್ಥೆಯನ್ನು ಮಾಡುವುದಕ್ಕಿಂತ ಅಂಗಡಿಗೆ ಬೀಗ ಹಾಕಿಸುವುದು ಆಡಳಿತಕ್ಕೆ ಸುಲಭ. ಏಕೆಂದರೆ ಮೊದಲನೆಯದರ ಖರ್ಚು ಆಡಳಿತದ್ದು, ಎರಡನೆಯದರ ಖರ್ಚು ವರ್ತಕನದು.

ವಿಮೆಯಾದರೂ ನೆರವಿಗೆ ಬರುವುದೇ ಎಂದರೆ ಅದೂ ಇಲ್ಲ. ಬೆಂಕಿ ವಿಮೆಯ ಜೊತೆಗೆ ಪಡೆಯುವ ಲಾಭನಷ್ಟದ ಪಾಲಿಸಿಯು ವಿಮೆಗೊಳಪಟ್ಟ ಸ್ವತ್ತಿಗೆ ಭೌತಿಕ ಹಾನಿಯಾಗಿ ವ್ಯಾಪಾರ ನಿಂತಾಗ ಮಾತ್ರ ಹಣ ಕೊಡುತ್ತದೆ. ಸರ್ಕಾರಿ ಆದೇಶದಿಂದ ಬಾಗಿಲು ಮುಚ್ಚಿದಾಗ ಬಾಡಿಗೆ, ನೌಕರರ ಸಂಬಳ, ಸಾಲದ ಬಡ್ಡಿ ಎಲ್ಲವೂ ಮಾಲೀಕನ ತಲೆಯ ಮೇಲೆಯೇ.

ಇದು ಎಲ್ಲವೂ ಸುಗಮವಾಗಿ ನಡೆದ ವರ್ಷದ ಲೆಕ್ಕ. ಅವಘಡ ಸಂಭವಿಸಿದ ವರ್ಷದ ಲೆಕ್ಕವೇ ಬೇರೆ. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾ ಉದ್ಘಾಟನೆಯ ಹಿಂದಿನ ದಿನ, ಬೀದರ್ ನೆಲೆಯ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಯಲಹಂಕದ ಆಗಸದಲ್ಲಿ ಪರಸ್ಪರ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅಸುನೀಗಿದರು. ಇನ್ನಿಬ್ಬರು ಪೈಲಟ್‌ಗಳು ಹೊರಚಿಮ್ಮಿ ಬದುಕುಳಿದರು. ಅವಶೇಷಗಳು ಜನವಸತಿಯ ಸಮೀಪ ಬಿದ್ದವು. ಅಂದು ನಡೆಯುತ್ತಿದ್ದುದು ತಾಲೀಮು; ಟಿಕೆಟ್ ಕೊಂಡ ಪ್ರೇಕ್ಷಕರು ಇರಲಿಲ್ಲ. ಅದಕ್ಕೂ ಮೊದಲು, 2010ರ ಮಾರ್ಚ್ 3ರಂದು, ಹೈದರಾಬಾದಿನ ಬೇಗಂಪೇಟೆಯ ವಿಮಾನಯಾನ ಪ್ರದರ್ಶನದಲ್ಲಿ ನೌಕಾಪಡೆಯ ಸಾಗರ ಪವನ್ ತಂಡದ ಕಿರಣ್ ವಿಮಾನವೊಂದು ಬೋವೆನ್‌ಪಲ್ಲಿಯ ವಸತಿ ಕಟ್ಟಡಕ್ಕೆ ಅಪ್ಪಳಿಸಿ, ಅದರಲ್ಲಿದ್ದ ಇಬ್ಬರೂ ಮಡಿದರು. ಈ ಎರಡೂ ಪ್ರಕರಣಗಳಲ್ಲಿ ವಿಮಾನ ಬಿದ್ದದ್ದು ಪ್ರೇಕ್ಷಕರ ಆವರಣದ ಹೊರಗೆ.

ಹಿಂದಿನ ಕಾಲದ ದೊಡ್ಡ ದುರಂತಗಳು ಇದಕ್ಕೆ ವಿರುದ್ಧವಾಗಿದ್ದವು. 1952ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ 31 ಮಂದಿ, 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ 70 ಮಂದಿ, 2002ರಲ್ಲಿ ಉಕ್ರೇನಿನ ಲ್ವಿವ್ ಬಳಿ 77 ಮಂದಿ ಪ್ರಾಣ ತೆತ್ತರು; ಸತ್ತವರಲ್ಲಿ ಬಹುಪಾಲು ನೋಡಲು ನೆರೆದ ಜನ. ವಿಮಾನಗಳು ಜನಸಂದಣಿಯತ್ತ ಮುಖಮಾಡಿ ಕಸರತ್ತು ನಡೆಸಬಾರದು, ಪ್ರೇಕ್ಷಕರಿಂದ ಇಂತಿಷ್ಟು ದೂರವಿರಬೇಕು ಎಂಬ ಕಟ್ಟುಪಾಡುಗಳು ಬಲಗೊಂಡದ್ದು ಇಂಥ ಅನುಭವಗಳಿಂದ. ಟಿಕೆಟ್ ಕೊಂಡವನ ಸುರಕ್ಷತೆ ಇದರಿಂದ ಹೆಚ್ಚಿತು. ಆದರೆ ವಿಮಾನವು ಪ್ರೇಕ್ಷಕರಿಂದ ದೂರ ಸರಿದಷ್ಟೂ ಬೇಲಿಯಾಚೆಯ ರಸ್ತೆ, ಮನೆ, ಕಾರ್ಖಾನೆಗಳಿಗೆ ಹತ್ತಿರವಾಗುತ್ತದೆ.

2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಇದು ನಿಚ್ಚಳವಾಯಿತು. ಹಳೆಯ ಹಂಟರ್ ಯುದ್ಧವಿಮಾನವೊಂದು ಸುತ್ತು ಹೊಡೆಯುವಾಗ ಅತ್ಯುನ್ನತ ಬಿಂದುವಿನಲ್ಲಿ ಕನಿಷ್ಠ 3,500 ಅಡಿ ಎತ್ತರದಲ್ಲಿರಬೇಕಿತ್ತು; ಅದು ಮುಟ್ಟಿದ್ದು ಸುಮಾರು 2,700 ಅಡಿ. ಹೆದ್ದಾರಿಯ ಮೇಲೆ ಬಿದ್ದ ವಿಮಾನ 11 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಯಾರೊಬ್ಬರೂ ಪ್ರದರ್ಶನ ಮೈದಾನದೊಳಗೆ ಇರಲಿಲ್ಲ. 2017ರಲ್ಲಿ ಪ್ರಕಟವಾದ ತನಿಖಾ ವರದಿಯು ಪೈಲಟ್‌ನ ಲೋಪವನ್ನು ಹೇಳಿ ಸುಮ್ಮನಾಗಲಿಲ್ಲ. ಸಂಘಟಕರ ಹತೋಟಿಯಲ್ಲಿಲ್ಲದ ಪ್ರದೇಶದಲ್ಲಿ ವಿಮಾನ ಬಿದ್ದರೆ ಅದರ ಪರಿಣಾಮವನ್ನು ತಗ್ಗಿಸುವ ಏರ್ಪಾಡೇ ಇಲ್ಲದಿದ್ದುದು ಸಾವುನೋವಿನ ತೀವ್ರತೆಗೆ ಕಾರಣವೆಂದು ಅದು ದಾಖಲಿಸಿತು. ವರದಿ ಸಾರ್ವಜನಿಕರ ಕೈಗೆ ದೊರೆಯಿತು ಎಂಬುದೂ ಗಮನಾರ್ಹ. ಅಪಘಾತದ ಬೆನ್ನಲ್ಲೇ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಹಳೆಯ ಜೆಟ್ ವಿಮಾನಗಳು ನೆಲದ ಮೇಲೆ ಕಸರತ್ತು ನಡೆಸದೆ ಬರಿಯ ಹಾರಾಟಕ್ಕೆ ಸೀಮಿತವಾಗಬೇಕೆಂದು ನಿರ್ಬಂಧಿಸಿತು.

ಈ ಭೇದ ಮುಖ್ಯವಾದುದು. ನೇರವಾಗಿ, ನಿಶ್ಚಿತ ಎತ್ತರದಲ್ಲಿ ಸಾಗಿಹೋಗುವ ಹಾರಾಟದ ಅಪಾಯ ಒಂದು ಬಗೆಯದು. ಮಗುಚಿ, ಎದುರುಬದುರಾಗಿ ನುಗ್ಗುವ ಕಸರತ್ತಿನದು ಇನ್ನೊಂದು ಬಗೆಯದು. 2023ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ಸೂರ್ಯಕಿರಣ ತಂಡ ಪ್ರದರ್ಶನ ನೀಡಿದಾಗ ಜನ ಹರ್ಷೋದ್ಗಾರ ಮಾಡಿದರು. ತಂಡದ ನೈಪುಣ್ಯ ಪ್ರಶ್ನಾತೀತ. ಆದರೆ ಯಲಹಂಕದಲ್ಲಿ ಓಡುದಾರಿಯ ಸುತ್ತ ತೆರವಾದ ಜಾಗವಾದರೂ ಉಂಟು. ಬನ್ನಿಮಂಟಪದ ಸುತ್ತ ಇರುವುದು ಊರು. ಅಂಥ ಕಡೆ ನೇರ ಹಾರಾಟವೇ ಸಾಕೆಂದು ತೀರ್ಮಾನಿಸಿದರೆ ಹಬ್ಬದ ಕಳೆಗೇನೂ ಕೊರತೆಯಾಗದು.

ಎಲ್ಲ ಅಪಾಯವೂ ಆಗಸದಿಂದಲೇ ಬರುತ್ತದೆಂದೂ ಇಲ್ಲ. 2019ರ ಏರೋ ಇಂಡಿಯಾದಲ್ಲಿಯೇ, ಡಿಕ್ಕಿಯಾದ ನಾಲ್ಕನೆಯ ದಿನ, ವಾಹನ ನಿಲುಗಡೆಯ ಮೈದಾನದಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಸುಟ್ಟುಹೋದವು. ಸಮಗ್ರ ವಿಮೆಯಿದ್ದವರಿಗೆ ಪರಿಹಾರದ ದಾರಿ ಇತ್ತು. ಮೂರನೆಯ ವ್ಯಕ್ತಿಯ ಹೊಣೆಗೆ ಮಾತ್ರ ವಿಮೆ ಮಾಡಿಸಿದ ವಾಹನಕ್ಕೆ ಅಂಥ ಪಾಲಿಸಿಯಿಂದ ಬಿಡಿಗಾಸೂ ದಕ್ಕುವುದಿಲ್ಲ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದ ವಾಯು ಪ್ರದರ್ಶನದಲ್ಲಿ ವಿಮಾನಗಳೆಲ್ಲ ಸುರಕ್ಷಿತವಾಗಿ ಮರಳಿದವು. ಬಿಸಿಲು, ಬಾಯಾರಿಕೆ, ನೂಕುನುಗ್ಗಲಿನ ನಡುವೆ ನೆಲದ ಮೇಲಿದ್ದ ಐವರು ಮರಳಲಿಲ್ಲ.

ವಿಮೆಯ ವಿಷಯದಲ್ಲಿ ಸಣ್ಣ ಕೈಗಾರಿಕೋದ್ಯಮಿಗಳು ಇನ್ನೊಂದು ಸಂಗತಿಯನ್ನು ಅರಿತಿರುವುದು ಒಳಿತು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂಪಾಯಿವರೆಗಿನ ಸ್ವತ್ತಿಗೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (5ರಿಂದ 50 ಕೋಟಿವರೆಗೆ) ಪಾಲಿಸಿಗಳಲ್ಲಿ ವಿಮಾನವೇ ಬಂದು ಕಟ್ಟಡಕ್ಕೆ ಬಡಿದರೆ ಆಗುವ ಹಾನಿಗೆ ರಕ್ಷಣೆಯಿದೆ. ಆದರೆ ಶಬ್ದವೇಗದಲ್ಲಿ ಅಥವಾ ಅದನ್ನು ಮೀರಿ ಹಾರುವ ವಿಮಾನದ ಒತ್ತಡದ ಅಲೆಗಳಿಂದಾದ ಹಾನಿಯನ್ನು ಹೊರಗಿಡಲಾಗಿದೆ. ಇದು ಕಾಲ್ಪನಿಕ ಆತಂಕವಲ್ಲ. 2012ರ ಜುಲೈ 1ರಂದು ಬ್ರೆಜಿಲ್‌ನ ರಾಜಧಾನಿಯಲ್ಲಿ ಧ್ವಜ ಸಮಾರಂಭದ ವೇಳೆ ಮಿರಾಜ್ 2000 ವಿಮಾನಗಳು ಹಾದುಹೋದಾಗ ಸರ್ವೋಚ್ಚ ನ್ಯಾಯಾಲಯದ ಗಾಜಿನ ಗೋಡೆಯೇ ಪುಡಿಯಾಯಿತು. 2020ರ ಮೇ 20ರಂದು ಬೆಂಗಳೂರಿನ ಜನ ಕೇಳಿ ಬೆಚ್ಚಿಬಿದ್ದ ಸದ್ದು ವಾಯುಪಡೆಯ ಪರೀಕ್ಷಾ ಹಾರಾಟದ್ದೆಂದು ರಕ್ಷಣಾ ಇಲಾಖೆಯೇ ತಿಳಿಸಿತು. ಗಾಜು, ಪಿಂಗಾಣಿ, ಸೂಕ್ಷ್ಮ ಅಳತೆಯ ಉಪಕರಣಗಳನ್ನಿಟ್ಟುಕೊಂಡವರು ಪಾಲಿಸಿಯ ಹೊರತುಪಡಿಕೆಗಳ ಪುಟವನ್ನು ಒಮ್ಮೆ ತೆರೆದು ನೋಡಬೇಕು.

ಹಾಗಾದರೆ ನಷ್ಟಕ್ಕೆ ಸರ್ಕಾರವನ್ನೇ ಹೊಣೆಯಾಗಿಸಬಹುದೇ? 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಅಪಾಯಕಾರಿ ವಸ್ತುಗಳ ನಿರ್ವಹಣೆಗೆಂದು ರೂಪುಗೊಂಡದ್ದು. ವಿಮಾನ ಪ್ರದರ್ಶನಕ್ಕಾಗಿ ಅಲ್ಲ. ಉಳಿಯುವುದು ಸಿವಿಲ್ ದಾವೆ. ಅಲ್ಲಿ ಎದುರಾಗುವುದು ಸಾರ್ವಭೌಮ ಕಾರ್ಯಕ್ಕೆ ಹೊಣೆಯಿಲ್ಲವೆಂಬ ಹಳೆಯ ತತ್ತ್ವ. ಈ ತತ್ತ್ವದ ಎರಡು ಪ್ರಸಿದ್ಧ ಮೊಕದ್ದಮೆಗಳನ್ನು ಹೂಡಿದವರೂ ವರ್ತಕರೇ ಎಂಬುದು ಸ್ವಾರಸ್ಯ. 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ಪೊಲೀಸರ ವಶದಲ್ಲಿದ್ದ ಚಿನ್ನ ಕಳವಾದರೂ ಸರ್ಕಾರ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ ಜಪ್ತಿ ಮಾಡಿದ ಗೊಬ್ಬರದ ದಾಸ್ತಾನು ಹಾಳಾದುದಕ್ಕೆ ಸರ್ಕಾರವೇ ಹೊಣೆಯೆಂದಿತು. ಗಡಿ ಕಾಯುವ ಹಾರಾಟ ಸಾರ್ವಭೌಮ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಟಿಕೆಟ್ ಮಾರಿ, ಮಳಿಗೆ ಬಾಡಿಗೆಗೆ ಕೊಟ್ಟು, ವಿಮಾನಗಳಿಗೆ ಗಿರಾಕಿ ಹುಡುಕುವ ಪ್ರದರ್ಶನವು ವ್ಯಾಪಾರ. ವ್ಯಾಪಾರವಾದ ಮೇಲೆ ವ್ಯಾಪಾರದ ಹೊಣೆಯೂ ಜೊತೆಗೆ ಬರಬೇಕು. ಸಾಮಾನ್ಯ ಕಂಪನಿಯೊಂದು ಸಂಭಾವ್ಯ ಹೊಣೆಗಾರಿಕೆಯನ್ನು ಲೆಕ್ಕಪತ್ರ ಮಾನಕ 29ರ ಪ್ರಕಾರ ಅಢಾವೆ ಪತ್ರಿಕೆಯ ಟಿಪ್ಪಣಿಯಲ್ಲಿ ತೋರಿಸದಿದ್ದರೆ ಲೆಕ್ಕಪರಿಶೋಧಕನು ಆಕ್ಷೇಪಿಸುತ್ತಾನೆ.

ಪ್ರದರ್ಶನಗಳನ್ನೇ ನಿಲ್ಲಿಸಿರೆಂದು ಕೇಳುವುದು ವಿವೇಕವಲ್ಲ, ಅದರಲ್ಲೂ ಬೆಂಗಳೂರಿನಲ್ಲಿ. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಪತನಗೊಂಡು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮೃತರಾದಾಗ ಮುಂದಿನ ವಹಿವಾಟಿನ ದಿನವೇ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಷೇರು ಕುಸಿಯಿತು. ವಿಮಾನೋದ್ಯಮಕ್ಕೆ ಬಿಡಿಭಾಗ ಮಾಡಿಕೊಡುವ ಲೇತ್ ಯಂತ್ರದ ಮಾಲೀಕನ ಅನ್ನವೂ ಆ ಉದ್ಯಮಕ್ಕೆ ಅಂಟಿಕೊಂಡಿದೆ. ಇಂಥ ಉದ್ಯಮಿಗೆ ಪ್ರದರ್ಶನವೂ ಬೇಕು, ಅದು ಸುರಕ್ಷಿತವಾಗಿಯೂ ಇರಬೇಕು.

ಆದ್ದರಿಂದ ಮುಂದಿನ ಪ್ರದರ್ಶನದ ಆದೇಶ ಹೊರಬೀಳುವ ಮೊದಲೇ ವಾಣಿಜ್ಯೋದ್ಯಮ ಸಂಸ್ಥೆಗಳು ಲಿಖಿತ ಮನವಿ ಸಲ್ಲಿಸಬೇಕು. ತಾಲೀಮಿನ ದಿನಗಳನ್ನೂ ಒಳಗೊಂಡು ಬೇಲಿಯಾಚೆಯ ಜನರಿಗೂ ಸ್ವತ್ತಿಗೂ ಎಷ್ಟು ಮೊತ್ತದ ಹೊಣೆಗಾರಿಕೆ ವಿಮೆ ಇದೆಯೆಂಬುದನ್ನು ಸಂಘಟಕರು ಪ್ರಕಟಿಸಲಿ. 91ನೆಯ ನಿಯಮ ಒದಗಿಸಿರುವ ಲಿಖಿತ ಅನುಮತಿಯ ಮಾರ್ಗವನ್ನು ತ್ಯಾಜ್ಯದ ಏರ್ಪಾಡು ಮಾಡಿಕೊಂಡವರಿಗೆ ತೆರೆಯಲಿ. 10 ಕಿಲೋಮೀಟರಿನಾಚೆ ವ್ಯಾಪ್ತಿ ಹಿಗ್ಗಿಸಿದರೆ ಆಧಾರವನ್ನು ತಿಳಿಸಲಿ. ಹಾಗೂ ಮುಚ್ಚಲೇಬೇಕಾದ ಅಂಗಡಿಗಳಿಗೆ ಪ್ರದರ್ಶನದ ಆದಾಯದಿಂದಲೇ ದಿನವಹಿ ಪರಿಹಾರ ಸಿಗಲಿ. ಇಲ್ಲೊಂದು ತೊಡಕುಂಟು: ಪ್ಯಾಕ್ ಮಾಡದ ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಅದನ್ನಷ್ಟೇ ಮಾರುವ ಸಣ್ಣ ಅಂಗಡಿಗಳವರಲ್ಲಿ ರಿಟರ್ನ್‌ಗಳೇ ಇರುವುದಿಲ್ಲ. ವಹಿವಾಟಿನ ಪುರಾವೆ ಕೇಳಿದರೆ ಅವರು ತೋರಿಸುವುದೇನು? ಪರವಾನಗಿಯೊಂದಕ್ಕೆ ದಿನಕ್ಕಿಷ್ಟೆಂಬ ನಿಗದಿತ ಮೊತ್ತವೇ ಕಾರ್ಯಸಾಧ್ಯ. ಆ ಮೊತ್ತವನ್ನು ವಾದಿಸಿ ಪಡೆಯಲು ಅಂಕಿಅಂಶ ಬೇಕಾಗುವುದರಿಂದ, ಯಲಹಂಕ ಸುತ್ತಲಿನ ಮಾಂಸದಂಗಡಿ ಹಾಗೂ ಹೋಟೆಲು ಮಾಲೀಕರು 2023 ಮತ್ತು 2025ರ ಜನವರಿ, ಫೆಬ್ರುವರಿ ತಿಂಗಳುಗಳ ಮಾರಾಟದ ಚಿಟ್ಟಾ, ಖರೀದಿ ಬಿಲ್ಲು, ಬಾಡಿಗೆ ರಸೀದಿ ಮತ್ತು ಪರವಾನಗಿಯ ಪ್ರತಿಯನ್ನು ಈಗಿನಿಂದಲೇ ಒಂದೆಡೆ ಸೇರಿಸಿಡತಕ್ಕದ್ದು.